ಊಟ ಕೊಡುವಾಗ ಬಾಲ್ ಪೈಥಾನ್ ಇಲಿಯನ್ನು ಬಿಟ್ಟು ಕೈಯನ್ನು ಹಿಡಿಯಿತು

ಪ್ರಶ್ನೆ: ಕಲ್ಲತ್ತಿಗಿರಿ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ವರ್ಷದ ಹೆಣ್ಣು ಬಾಲ್ ಪೈಥಾನ್ (ಆಫ್ರಿಕಾ ಮೂಲದ, ವಿಷವಿಲ್ಲದ ಸಣ್ಣ ಹೆಬ್ಬಾವು) ಇದೆ. ತೂಕ 1,150 ಗ್ರಾಂ. ಸಾಕುವ ವಿದೇಶಿ ಪ್ರಾಣಿಗಳನ್ನು ದಾಖಲಿಸುವ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದೇನೆ, ಆದ್ದರಿಂದ ದಯವಿಟ್ಟು ಚರ್ಚೆಯನ್ನು ಆ ಕಡೆಗೆ ಎಳೆಯಬೇಡಿ. ಹದಿನಾಲ್ಕು ದಿನಕ್ಕೊಮ್ಮೆ ಫ್ರೀಜರಿನಲ್ಲಿಟ್ಟ ಇಲಿಯೊಂದರ ಮಂಜು ಬಿಡಿಸಿ ಕೊಡುತ್ತೇನೆ. ಎರಡೂವರೆ ವರ್ಷ ಯಾವ ತೊಂದರೆಯೂ ಇರಲಿಲ್ಲ.

ಕಳೆದ ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ ಇಲಿಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿಟ್ಟು, ಕೈಯಲ್ಲೇ ಒರೆಸಿ, ಅಡುಗೆಮನೆಯ ಇಕ್ಕಳದಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಚಾಚಿದೆ. ಹಾವು ಗೂಡಿನಿಂದ ತಲೆ ಹೊರಗೆ ಹಾಕಿತೇ ಹೊರತು ಇಲಿಯನ್ನು ಹಿಡಿಯಲಿಲ್ಲ. ನೀರಿನ ಬಟ್ಟಲು ಅಡ್ಡವಾಗಿದೆಯೆಂದು ತಿಳಿದು ಅದನ್ನು ಸರಿಸಲು ಎಡಗೈ ಹಾಕಿದ ಕ್ಷಣದಲ್ಲೇ ಅದು ಹೆಬ್ಬೆರಳಿನ ಬುಡವನ್ನು ಹಿಡಿದು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿತು. ಗಾಬರಿಯಲ್ಲಿ ಕೈಯನ್ನು ಜೋರಾಗಿ ಎಳೆದೆ. ಗಾಯ ದೊಡ್ಡದಾದದ್ದು ಆಗಲೇ ಎಂದು ಈಗ ಅನ್ನಿಸುತ್ತದೆ. ನಲ್ಲಿಯ ನೀರಿಗೆ ಹಿಡಿದ ಮೇಲೆ ನಾಲ್ಕೈದು ನಿಮಿಷಕ್ಕೆ ಬಿಟ್ಟಿತು. ಮರುದಿನ ಬೆಳಿಗ್ಗೆ ಟಿಟಿ ಚುಚ್ಚುಮದ್ದಿಗೆ ಹೋದಾಗ "ಹಾವು ಕಚ್ಚಿದೆ" ಎಂಬ ಎರಡು ಮಾತು ಕೇಳಿ ಅಲ್ಲಿದ್ದವರೆಲ್ಲ ಎದ್ದು ನಿಂತರು. ಇದು ವಿಷವಿಲ್ಲದ ಹಾವು, ನಾನೇ ಸಾಕಿದ್ದು ಎಂದು ಅವರನ್ನು ಒಪ್ಪಿಸಲು ಚುಚ್ಚುಮದ್ದಿಗೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಕೆಲಸದ ಒತ್ತಡದಿಂದ ಈ ಮೂರು ತಿಂಗಳಲ್ಲಿ ಅದನ್ನು ಹೊರಗೆ ತೆಗೆದದ್ದೇ ಕಡಿಮೆ. ಈಗ ಮುಚ್ಚಳ ಸರಿಸಿದರೆ ಸಾಕು, ಕುತ್ತಿಗೆಯನ್ನು ಮಡಿಚಿಕೊಂಡು ಗುರಿ ಹಿಡಿದಂತೆ ಕಾಯುತ್ತದೆ. ಅದಕ್ಕೆ ಸಿಟ್ಟು ಬಂದಿದೆಯೇ? ಊಟ ಕೊಡಲು ಬೇರೆ ಪೆಟ್ಟಿಗೆ ಇಡಬೇಕೆಂದು ಕೆಲವರು ಹೇಳುತ್ತಾರೆ, ಅದು ಸರಿಯೇ? ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳುವುದು ಒಳ್ಳೆಯದೇ? ಅಮ್ಮ ಒಂದೇ ಮಾತು ಹೇಳುತ್ತಿದ್ದಾರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಉತ್ತರ: ಹೇಮಾವತಿ ಹಿನ್ನೀರು (ಹಾಸನ)

ನಾನು ಆರು ವರ್ಷಗಳಿಂದ ಅಮೆರಿಕ ಮೂಲದ, ವಿಷವಿಲ್ಲದ ತೆಳು ಹಾವಾದ ಕಾರ್ನ್ ಸ್ನೇಕ್‌ಗಳನ್ನು ಸಾಕುತ್ತಿದ್ದೇನೆ. ನನ್ನ ಅನುಭವದಲ್ಲಿ ಬೇರೆ ಪೆಟ್ಟಿಗೆಯೇ ಸರಿ. ಗಾಳಿ ಆಡುವ ಪ್ಲಾಸ್ಟಿಕ್ ಡಬ್ಬವೊಂದಕ್ಕೆ ಹಾವನ್ನು ಬಿಟ್ಟು, ಇಲಿಮರಿಯನ್ನು ಹಾಕಿ, ಮುಚ್ಚಳ ಮುಚ್ಚಿ, ತಿಂದಾದ ಮೇಲೆ ಅದರ ಮನೆಗೆ ಮರಳಿ ಬಿಡುತ್ತೇನೆ. ಮನೆಯ ಪೆಟ್ಟಿಗೆ ತೆರೆದಾಗಲೆಲ್ಲ ಊಟ ಬರುತ್ತದೆ ಎಂಬ ನಂಬಿಕೆ ಅದಕ್ಕೆ ಹುಟ್ಟುವುದೇ ಇಲ್ಲ.

ಈ ಪದ್ಧತಿಗೆ ಬಂದದ್ದು ಒಂದು ತಪ್ಪಿನಿಂದ. ಮೊದಲ ವರ್ಷ ಎರಡು ಹಾವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಒಂದು ಸಂಜೆ ಎರಡೂ ಒಂದೇ ಇಲಿಯ ಎರಡು ತುದಿಗಳನ್ನು ಹಿಡಿದು ನುಂಗತೊಡಗಿದವು. ಮೂತಿಗೆ ಮೂತಿ ತಾಗಿದ ಮೇಲೆ ದೊಡ್ಡದು ಚಿಕ್ಕದರ ತಲೆಯನ್ನೂ ನುಂಗಲು ಹೊರಟಿತು. ಬಿಡಿಸುವಷ್ಟರಲ್ಲಿ ನನ್ನ ಕೈಗೂ ಎರಡು ಕಡೆ ಕಚ್ಚಿಸಿಕೊಂಡೆ. ಅಂದಿನಿಂದ ಒಂದು ಹಾವಿಗೆ ಒಂದೇ ಪೆಟ್ಟಿಗೆ. ಕೈಗವಸಿನ ಬಗ್ಗೆ ನನಗೆ ಗೊತ್ತಿಲ್ಲ, ಬಳಸಿಲ್ಲ.

ಉತ್ತರ: ನಿವೃತ್ತ ಪಶುವೈದ್ಯ (ಹಾಸನ)

ಮೊದಲಿಗೆ ಒಂದು ಮಾತು: ನಿಮ್ಮ ಹಾವಿಗೆ ಸಿಟ್ಟು ಬಂದಿಲ್ಲ. ಹೆದರಿದ ಹಾವು ಕಚ್ಚಿದ ತಕ್ಷಣ ಬಿಟ್ಟು ಹಿಂದೆ ಸರಿಯುತ್ತದೆ. ಬಾಲ್ ಪೈಥಾನ್ ಆದರೆ ಕಚ್ಚುವ ಬದಲು ಹೆಚ್ಚಾಗಿ ತಲೆಯನ್ನು ನಡುವೆ ಹುದುಗಿಸಿ ಚೆಂಡಿನಂತೆ ಸುತ್ತಿಕೊಂಡು ಕೂರುತ್ತದೆ. ಹಿಡಿದು, ಸುತ್ತಿ, ಬಿಡದೆ ಇದ್ದದ್ದು ಊಟದ ಹಿಡಿತ. ನಿಮ್ಮ ಕೈಯನ್ನು ಅದು ಇಲಿಯೆಂದೇ ತಿಳಿಯಿತು, ಹಾಗೆ ತಿಳಿಯಲು ಬೇಕಾದ ಎಲ್ಲ ಗುರುತುಗಳನ್ನೂ ಆ ರಾತ್ರಿ ನೀವೇ ಒದಗಿಸಿದ್ದಿರಿ.

ಬಾಲ್ ಪೈಥಾನಿನ ಮೇಲ್ದುಟಿಯ ಉದ್ದಕ್ಕೂ ಶಾಖವನ್ನು ಗ್ರಹಿಸುವ ಸಣ್ಣ ಕುಳಿಗಳಿವೆ. ಕತ್ತಲಲ್ಲಿ ಬೇಟೆಯಾಡುವ ಆ ಪ್ರಾಣಿಗೆ ಸುತ್ತಲಿನ ತಣ್ಣನೆಯ ವಸ್ತುಗಳ ನಡುವೆ ಬೆಚ್ಚಗಿನದು ಯಾವುದೋ ಅದೇ ಊಟ. ಮಂಜುಗಟ್ಟಿದ ಇಲಿಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿಟ್ಟರೆ ಕೂದಲು ಬೆಚ್ಚಗಾಗುತ್ತದೆ, ಒಳಗೆ ಹಿಮ ಹಾಗೆಯೇ ಉಳಿದು, ಪೆಟ್ಟಿಗೆಯ ಹತ್ತಿರ ಬರುವಷ್ಟರಲ್ಲಿ ಹೊರಮೈಯೂ ತಣ್ಣಗಾಗುತ್ತದೆ. ಮನುಷ್ಯನ ಕೈಯ ಚರ್ಮ ಸಾಮಾನ್ಯವಾಗಿ 32ರಿಂದ 34 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಂದರೆ ಇಲಿಯ ವಾಸನೆ ಪೆಟ್ಟಿಗೆಯ ತುಂಬ ಹರಡಿತ್ತು, ನಿಮ್ಮ ಕೈಯಲ್ಲೂ ಅದೇ ವಾಸನೆಯಿತ್ತು, ಎರಡರಲ್ಲಿ ಬೆಚ್ಚಗಿದ್ದದ್ದು ಕೈ. ಅದು ಆರಿಸಿಕೊಂಡದ್ದರಲ್ಲಿ ತಪ್ಪೇನಿದೆ? ಹೇಮಾವತಿ ಹಿನ್ನೀರಿನವರ ಕಾರ್ನ್ ಸ್ನೇಕ್‌ಗೆ ಈ ಕುಳಿಗಳಿಲ್ಲ. ಅದು ನಾಲಿಗೆಯಿಂದ ಹಿಡಿದ ವಾಸನೆಯನ್ನೂ ಕಣ್ಣನ್ನೂ ಹೆಚ್ಚು ನಂಬುತ್ತದೆ. ಹಾಗಾಗಿ ಅವರ ಅನುಭವವನ್ನು ಇಲ್ಲಿಗೆ ಇದ್ದ ಹಾಗೆಯೇ ತರಲು ಬರುವುದಿಲ್ಲ.

ಇಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳ ಅಂಕಣಕ್ಕೆ ಇಳಿಸಿಡಿ. ಊಟದ ಹೊತ್ತಿಗೆ ನೀರು ಹೋಗದ ಕವರಿನಲ್ಲಿ ಹಾಕಿ, ಕುದಿಯದ ಆದರೆ ಚೆನ್ನಾಗಿ ಬಿಸಿಯಾದ ನೀರಿನಲ್ಲಿ ಹದಿನೈದಿಪ್ಪತ್ತು ನಿಮಿಷ ಮುಳುಗಿಸಿ, ಹೊಟ್ಟೆಯನ್ನು ಒತ್ತಿ ನೋಡಿ. ಎಲ್ಲಿಯೂ ಗಟ್ಟಿ ಸಿಗಬಾರದು, ಮೈ 38 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಕೊನೆಯ ಒಂದು ನಿಮಿಷ ತಲೆಯ ಭಾಗವನ್ನು ಇನ್ನಷ್ಟು ಬೆಚ್ಚಗೆ ಮಾಡಿದರೆ ಹಾವು ಗುರಿಯನ್ನು ತಲೆಗೇ ಇಡುತ್ತದೆ. ಮೈಕ್ರೋವೇವ್ ಬೇಡವೇ ಬೇಡ. ಒಂದು ಕಡೆ ಬೆಂದು, ಇನ್ನೊಂದು ಕಡೆ ಮಂಜಾಗಿಯೇ ಉಳಿದು, ಹೊಟ್ಟೆ ಒಡೆಯುವುದೂ ಉಂಟು. ಜೀವಂತ ಇಲಿ ಕೊಟ್ಟರೆ ಇನ್ನೂ ಚೆನ್ನಾಗಿ ತಿನ್ನುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹಸಿವಿಲ್ಲದ ಹಾವಿನ ಬೆನ್ನನ್ನು ಇಲಿ ಮೂಳೆ ಕಾಣುವಂತೆ ಕಡಿದದ್ದಕ್ಕೆ ನಾನೇ ಹೊಲಿಗೆ ಹಾಕಿದ್ದೇನೆ.

ಇಕ್ಕಳ ಕನಿಷ್ಠ ಒಂದು ಅಡಿ ಉದ್ದವಿರಲಿ. ಇಲಿಯನ್ನು ಸೊಂಟದ ಹತ್ತಿರ ಹಿಡಿದು, ತಲೆ ಹಾವಿನ ಕಡೆಗಿರುವಂತೆ, ಮೇಲಿನಿಂದಲ್ಲದೆ ಪಕ್ಕದಿಂದ ತನ್ನಿ. ಹಿಡಿದ ತಕ್ಷಣ ಬಿಟ್ಟುಬಿಡಿ, ಎಳೆದಾಡಬೇಡಿ, ಮುಚ್ಚಳ ಹಾಕಿ ದೀಪ ಆರಿಸಿ ಹೊರಗೆ ಬನ್ನಿ. ಬಟ್ಟಲು, ಎಲೆ, ಗೂಡು, ಏನೇ ಸರಿಸುವುದಿದ್ದರೂ ಇಲಿಯನ್ನು ಫ್ರಿಜ್ಜಿನಿಂದ ತೆಗೆಯುವುದಕ್ಕೂ ಮೊದಲೇ ಮುಗಿಸಿರಬೇಕು. ಆ ರಾತ್ರಿ ಪೆಟ್ಟಿಗೆಯೊಳಗೆ ಕೈ ಹೋಗಲೇಬಾರದು. ನುಂಗಿಯಾದ ಮೇಲೂ ಒಂದೆರಡು ಗಂಟೆ ಅದು ಇನ್ನೊಂದು ಇಲಿಯನ್ನು ಹುಡುಕುತ್ತಿರುತ್ತದೆ.

ಇನ್ನು ಬೇರೆ ಪೆಟ್ಟಿಗೆಯ ವಿಷಯ. ಬೆರಳುಗಾತ್ರದ ಕಾರ್ನ್ ಸ್ನೇಕ್‌ಗೆ ಅದು ನಡೆದೀತು, ಅವರಿಗೆ ನಡೆದೂ ಇದೆ. ಒಂದು ಕಿಲೋ ಮೀರಿದ ಪೈಥಾನನ್ನು ಹೊಟ್ಟೆಯಲ್ಲಿ ಇಲಿ ಇಟ್ಟುಕೊಂಡಿರುವಾಗಲೇ, ಊಟದ ಅಮಲು ಇಳಿಯುವ ಮೊದಲೇ, ಕೈಯಲ್ಲಿ ಎತ್ತಿ ಸಾಗಿಸುವುದೆಂದರೆ ತಪ್ಪಿಸಿಕೊಳ್ಳಬೇಕಾದ ಅಪಾಯವನ್ನು ಹುಡುಕಿಕೊಂಡು ಹೋದಂತೆ. ಮೇಲಾಗಿ ಅದು ತಿಂದದ್ದನ್ನು ಕಕ್ಕುವ ಸಂಭವವೂ ಇದೆ. ಊಟದ ನಂತರ 48 ಗಂಟೆ ಅದನ್ನು ಮುಟ್ಟಬೇಡಿ.

ಮುಚ್ಚಳ ತೆರೆದರೆ ಊಟ ಎಂಬ ಪಾಠವನ್ನು ಅದು ಕಲಿತಿರುವುದು ಪೆಟ್ಟಿಗೆಯಿಂದಲ್ಲ, ಮೂರು ತಿಂಗಳು ನೀವು ಊಟಕ್ಕೆ ಮಾತ್ರ ಮುಚ್ಚಳ ತೆರೆದದ್ದರಿಂದ. ಅದನ್ನು ಮರೆಸಲು ಉಪಾಯ ಸರಳವಾಗಿದೆ. ವಾರಕ್ಕೆ ಮೂರು ನಾಲ್ಕು ಬಾರಿ ಬರಿದೇ ತೆರೆಯಿರಿ, ನೀರು ಬದಲಿಸಿ, ಮುಚ್ಚಿರಿ. ಪ್ರತಿ ಸಲವೂ ಕೈ ಹಾಕುವ ಮೊದಲು ಹಾವು ಎತ್ತುವ ಕೊಕ್ಕೆಯಿಂದಲೋ ಸುತ್ತಿದ ದಿನಪತ್ರಿಕೆಯಿಂದಲೋ ಅದರ ಮೈಯನ್ನೂ ಕುತ್ತಿಗೆಯ ಹಿಂಭಾಗವನ್ನೂ ಮೆಲ್ಲಗೆ ಸವರಿ. ತಣ್ಣಗಿನ, ವಾಸನೆಯಿಲ್ಲದ ವಸ್ತು ಮೈಗೆ ತಾಗಿದರೆ ಇಂದು ಊಟವಿಲ್ಲ ಎಂದು ಅದಕ್ಕೆ ತಿಳಿಯಬೇಕು. ಊಟದ ದಿನ ಮಾತ್ರ ಕೊಕ್ಕೆ ತಾಗಿಸಬೇಡಿ. ಸವರಿದ ಮೇಲೆ ಮಡಿಚಿದ ಕುತ್ತಿಗೆ ಸಡಿಲವಾಗಿ ನಾಲಿಗೆ ಅತ್ತಿತ್ತ ಆಡತೊಡಗಿದರೆ ಎತ್ತಬಹುದು, ಅದೂ ತಲೆಯ ಕಡೆಯಿಂದಲ್ಲ, ನಡುಮೈಯಿಂದ. ಕೈಗವಸು ಹಾಕಿದರೆ ಹಿಡಿತದ ಅಂದಾಜು ತಪ್ಪಿ ಹಾವನ್ನು ಅಮುಕುತ್ತೀರಿ. ಕೊಕ್ಕೆ ಸಾಕು.

ಉತ್ತರ: ಮೂಡಿಗೆರೆ ತೋಟ

ಡಾಕ್ಟರು ಹೇಳಿದ್ದಕ್ಕೆ ಮಲೆನಾಡಿನ ಮಳೆಗಾಲದ ಒಂದು ವಿಷಯ ಸೇರಿಸುತ್ತೇನೆ. ನಮ್ಮಲ್ಲಿ ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋದರೆ ಒಂದೂವರೆ ದಿನ ಬರದಿರುವುದೂ ಉಂಟು. ಬಾಲ್ ಪೈಥಾನಿನ ಪೆಟ್ಟಿಗೆಯ ಒಂದು ಬದಿಯಾದರೂ 31ರಿಂದ 33 ಡಿಗ್ರಿ ಇರಬೇಕು. ಪೆಟ್ಟಿಗೆಯನ್ನು ಬೆಚ್ಚಗಿಡುವ ಹೀಟ್ ಮ್ಯಾಟ್ ಆರಿಹೋದರೆ ಹೊಟ್ಟೆಯಲ್ಲಿರುವ ಇಲಿ ಅರಗುವ ಬದಲು ಕೊಳೆಯುತ್ತದೆ. ನನ್ನ ಹಾವು ಎರಡು ವರ್ಷದ ಹಿಂದೆ ಹೀಗೆ ಮೂರನೆಯ ದಿನ ಕಕ್ಕಿತು, ಆ ವಾಸನೆಯನ್ನು ವರ್ಣಿಸುವುದಿಲ್ಲ. ಅನಂತರ ಎರಡು ವಾರ ಉಪವಾಸ ಬಿಟ್ಟು, ಅರ್ಧ ಗಾತ್ರದ ಇಲಿಯಿಂದ ಮತ್ತೆ ಶುರು ಮಾಡಬೇಕಾಯಿತು. ಈಗ ಗಾಳಿಮಳೆಯ ಮುನ್ಸೂಚನೆ ಇರುವ ವಾರ ಊಟವನ್ನೇ ಮುಂದೂಡುತ್ತೇನೆ, ಬೆಳೆದ ಹಾವಿಗೆ ಒಂದು ವಾರ ಹೆಚ್ಚಾದರೆ ಏನೂ ಆಗುವುದಿಲ್ಲ. ತಿಂದ ಮೇಲೆ ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯೊಳಗಿಟ್ಟು, ಮೇಲೆ ಕಂಬಳಿ ಹೊದಿಸುತ್ತೇನೆ.

ಫ್ರೀಜರಿನ ಇಲಿ ಮುಗಿಯಿತೆಂದು ಮನೆಯಲ್ಲಿ ಬೋನಿಗೆ ಬಿದ್ದ ಇಲಿಯನ್ನು ಕೊಡಬೇಡಿ. ತೋಟದ ಸುತ್ತ ಎಲ್ಲರೂ ಇಲಿ ಪಾಷಾಣ ಇಡುತ್ತಾರೆ, ಅದನ್ನು ತಿಂದ ಇಲಿ ಹಾವಿಗೂ ವಿಷವೇ. ಅಂಥ ಇಲಿಯನ್ನು ಮುಟ್ಟಿದ ನಮಗೆ ಇಲಿ ಜ್ವರದ ಭಯ ಬೇರೆ. ಇನ್ನು ನಾಗರ ಪಂಚಮಿ ಹತ್ತಿರ ಬಂದಂತೆ ನಮ್ಮ ಅಜ್ಜಿ ಪ್ರತಿ ವರ್ಷ ಒಂದು ಲೋಟ ಹಾಲು ಹಿಡಿದುಕೊಂಡು ಪೆಟ್ಟಿಗೆಯ ಮುಂದೆ ನಿಲ್ಲುತ್ತಾರೆ. ತನಿ ಎರೆಯುವುದನ್ನು ಹುತ್ತಕ್ಕೆ ಇಟ್ಟುಕೊಳ್ಳಿ ಅಜ್ಜಿ, ಇದಕ್ಕೆ ನೀರು ಸಾಕು, ಹಾಲು ಹಾವಿಗೆ ಅರಗುವುದಿಲ್ಲ ಎಂದು ನಾನೂ ಪ್ರತಿ ವರ್ಷ ಹೇಳುತ್ತೇನೆ.

ಹಾವು ಸಾಕುತ್ತೀರೆಂದು ಊರಿಗೆ ಗೊತ್ತಾದರೆ ಜನ ತೋಟದಲ್ಲಿ ಸಿಕ್ಕ "ಹೆಬ್ಬಾವಿನ ಮರಿ"ಗೂ ಊಟ ಹಾಕಿ ಎಂದು ಚೀಲದಲ್ಲಿ ತಂದುಕೊಡುತ್ತಾರೆ. ನನಗೆ ಹಾಗೆ ಬಂದದ್ದು ಮಂಡಲದ ಹಾವಿನ ಮರಿಯಾಗಿತ್ತು. ಚೀಲವನ್ನು ಬಿಚ್ಚಲು ಹೋಗಬೇಡಿ. ನಮ್ಮ ನೆಲದ ಹಾವುಗಳನ್ನು ಸಾಕಲು 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕಾಶವೂ ಇಲ್ಲ. ಅರಣ್ಯ ಇಲಾಖೆಗೆ ತಿಳಿಸಿ.

ಕಲ್ಲತ್ತಿಗಿರಿ (ಚಿಕ್ಕಮಗಳೂರು)

ಎಲ್ಲರಿಗೂ ಧನ್ಯವಾದಗಳು. ಡಾಕ್ಟರೇ, ಇನ್ನೆರಡು ಸಂದೇಹಗಳಿವೆ. ಮತ್ತೊಮ್ಮೆ ಹಿಡಿದರೆ ಬಿಡಿಸುವ ಸರಿಯಾದ ಕ್ರಮ ಯಾವುದು? ಇಂದು ಬೆಳಿಗ್ಗೆ ನೋಡಿದರೆ ಅದರ ಕಣ್ಣು ನೀಲಿಯಾಗಿ ಮಬ್ಬಾಗಿದೆ. ಭಾನುವಾರ ಇಲಿಯನ್ನು ಬಿಟ್ಟದ್ದಕ್ಕೆ ಇದೂ ಕಾರಣವಿರಬಹುದೇ?

ಉತ್ತರ: ನಿವೃತ್ತ ಪಶುವೈದ್ಯ (ಹಾಸನ)

ಕಾರಣವಿರಬಹುದು. ಪೊರೆ ಬಿಡುವ ಮೊದಲ ದಿನಗಳಲ್ಲಿ ದೃಷ್ಟಿ ಮಂಕಾಗಿ, ಹಸಿವು ಕುಗ್ಗಿ, ಹಾವು ಬೆಚ್ಚಿಬೀಳುವುದೂ ಹೆಚ್ಚು. ಪೊರೆ ಪೂರ್ತಿ ಕಳಚುವವರೆಗೆ ಇಲಿಯನ್ನು ತೋರಿಸಲೇಬೇಡಿ, ಪೆಟ್ಟಿಗೆಯಲ್ಲಿ ತೇವ ಮಾತ್ರ ಕಡಿಮೆಯಾಗದಿರಲಿ.

ಹಿಡಿದಾಗ ಎಳೆಯಬಾರದು. ಅದರ ಹಲ್ಲುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಎಳೆದಷ್ಟೂ ನಿಮ್ಮ ಚರ್ಮ ಸೀಳುತ್ತದೆ, ಅದರ ಹಲ್ಲು ಮುರಿಯುತ್ತದೆ. ಕೂತುಕೊಂಡು, ಕೈಯನ್ನು ಅಲುಗಿಸದೆ, ಸುತ್ತುಗಳನ್ನು ಬಾಲದ ತುದಿಯಿಂದ ಬಿಚ್ಚುತ್ತ ಬನ್ನಿ. ತಲೆಯ ಕಡೆಯಿಂದ ಬಿಚ್ಚಲು ಹೋದರೆ ಇನ್ನೂ ಬಿಗಿಯುತ್ತದೆ. ತಣ್ಣೀರಿಗೆ ಹಿಡಿದರೂ ಬಿಡದಿದ್ದರೆ ಬಾಯಿಯ ಅಂಚಿಗೆ ಒಂದು ಹನಿ ಸ್ಯಾನಿಟೈಸರ್ ತಾಗಿಸಿ, ಕಣ್ಣು ಮೂಗಿಗೆ ಬೀಳದಂತೆ. ಅನಂತರ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಸೂಜಿಮೊನೆಯಂಥ ಹಲ್ಲು ಒಳಗೆ ಉಳಿದಿದೆಯೇ ಎಂದು ಬೆಳಕಿನಲ್ಲಿ ನೋಡಿ. ಕೆಂಪು ಹರಡಿದರೆ, ಊತ ಏರಿದರೆ ವೈದ್ಯರಿಗೆ ತೋರಿಸಲೇಬೇಕು. ನೀವು ಈಗಾಗಲೇ ಒಮ್ಮೆ ಎಳೆದಿದ್ದೀರಿ, ಹಾಗಾಗಿ ಅದರ ಬಾಯಿಯನ್ನೂ ಗಮನಿಸುತ್ತಿರಿ. ಮುರಿದ ಹಲ್ಲು ಮತ್ತೆ ಬರುತ್ತದೆ, ಆದರೆ ವಸಡು ಊದಿಕೊಂಡು ಗಿಣ್ಣಿನಂಥ ಕೀವು ಕಂಡರೆ ನಮ್ಮ ಊರಿನ ಪಶುವೈದ್ಯಕೀಯ ಕಾಲೇಜಿಗಾದರೂ ತಂದು ತೋರಿಸಿ. ಇಲಿಯ ತೂಕ ಎಷ್ಟಿರುತ್ತದೆ ಎಂದು ನೀವು ಬರೆದಿಲ್ಲ. ಈ ತೂಕದ ಹಾವಿಗೆ 60ರಿಂದ 80 ಗ್ರಾಂ ಸಾಕು.

ಕಲ್ಲತ್ತಿಗಿರಿ (ಚಿಕ್ಕಮಗಳೂರು)

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಪೊರೆ ಒಂದೇ ತುಂಡಾಗಿ ಬಿಟ್ಟಿತು, ಬಾಯಿಯಲ್ಲಿ ಊತವಿಲ್ಲ. ದಿನ ಬಿಟ್ಟು ದಿನ ಮುಚ್ಚಳ ತೆರೆದು ದಿನಪತ್ರಿಕೆಯ ಸುರುಳಿಯಿಂದ ಸವರುತ್ತ ಬಂದೆ. ಮೊದಲ ನಾಲ್ಕು ಸಲ ಸುರುಳಿಗೇ ಎರಗಿತು, ಈಗ ತಲೆಯನ್ನು ಹಿಂದೆ ತೆಗೆದುಕೊಂಡು ಸುಮ್ಮನಿರುತ್ತದೆ. ನಿನ್ನೆ ರಾತ್ರಿ 70 ಗ್ರಾಂ ಇಲಿಯನ್ನು ನೀವು ಹೇಳಿದಂತೆ ಬಿಸಿ ಮಾಡಿ, ಒಂದೂವರೆ ಅಡಿಯ ಹೊಸ ಇಕ್ಕಳದಲ್ಲಿ ಚಾಚಿದಾಗ ನಾನು ಸರಿಯಾಗಿ ನಿಲ್ಲುವ ಮೊದಲೇ ತಲೆಯನ್ನೇ ಹಿಡಿಯಿತು. ಹಳೆಯ ಇಕ್ಕಳವನ್ನು ತಿಕ್ಕಿ ತೊಳೆದು ಅಡುಗೆಮನೆಗೆ ಹಿಂದಿರುಗಿಸಲು ಹೋದೆ. ಅಮ್ಮ ಅದನ್ನು ಮುಟ್ಟಲೂ ಇಲ್ಲ, ಅವರಿಗೂ ಒಂದು ಹೊಸದು ತರಬೇಕಾಯಿತು.