ನಮ್ಮ ವಿಂಗ್ ಫಾರ್ವರ್ಡ್‌ಗಳಿಗೆ ಏನಾಗಿದೆ? ಮುಂದೆ ಬಾಲ್ ತಗೊಳ್ಳೋರೇ ಇಲ್ಲ

ಸೋಮವಾರಪೇಟೆ_ರೈಟ್‌ವಿಂಗ್

ಎಲ್ರಿಗೂ ನಮಸ್ಕಾರ. ಇಲ್ಲಿ ಹಾಕಿ ಆಡಿದವ್ರು, ಕೋಚಿಂಗ್ ಮಾಡೋರು ಇದ್ದೀರಿ ಅಂತ ಕೇಳ್ತಾ ಇದೀನಿ. ನಮ್ಮ ಇಂಡಿಯಾ ಟೀಮ್‌ನ ಫಾರ್ವರ್ಡ್‌ಗಳು, ಅದ್ರಲ್ಲೂ ಎರಡೂ ಸೈಡ್‌ನಲ್ಲಿ ಓಡ್ಬೇಕಾದ ಹುಡುಗ್ರು, ದೊಡ್ಡ ಟೀಮ್ ಎದುರು ಬಂದ ತಕ್ಷಣ ಯಾಕೆ ಕಾಣೆ ಆಗ್ಬಿಡ್ತಾರೆ?

ಪ್ಯಾರಿಸ್ ಒಲಿಂಪಿಕ್ಸ್ ತಗೊಳ್ಳಿ. ಕಂಚು ಬಂತು, ಖುಷಿ ಇದೆ, ಅವತ್ತು ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದವ್ರಲ್ಲಿ ನಾನೂ ಒಬ್ಬ. ಆದ್ರೆ ಎಂಟು ಮ್ಯಾಚಲ್ಲಿ ನಾವು ಹೊಡೆದಿದ್ದು 15 ಗೋಲ್, ಅದ್ರಲ್ಲಿ 10 ಹರ್ಮನ್‌ಪ್ರೀತ್ ಒಬ್ಬನದೇ, ಅವನು ಡಿಫೆಂಡರ್! ಮಿಕ್ಕ ಐದ್ರಲ್ಲಿ ಅಭಿಷೇಕ್ ಎರಡು, ಮನ್‌ದೀಪ್ ಒಂದು, ಸುಖ್‌ಜೀತ್ ಒಂದು, ಇನ್ನೊಂದು ವಿವೇಕ್ ಸಾಗರ್‌ದು, ವಿವೇಕ್ ಮಿಡ್‌ಫೀಲ್ಡರ್. ಅಂದ್ರೆ ಇಡೀ ಒಲಿಂಪಿಕ್ಸಲ್ಲಿ ಫಾರ್ವರ್ಡ್‌ಗಳ ಹೆಸರಲ್ಲಿ ಬಂದಿದ್ದು ನಾಲ್ಕೇ ಗೋಲ್. ಸ್ಪೇನ್ ಮೇಲೆ 2-1 ಗೆದ್ದಾಗ್ಲೂ ಎರಡೂ ಪೆನಾಲ್ಟಿ ಕಾರ್ನರ್, ಎರಡೂ ಹರ್ಮನ್‌ಪ್ರೀತ್. ಅವನು ಒಂದು ದಿನ ಕೈ ಕೊಟ್ರೆ ನಮ್ಮ ಗತಿ ಏನು?

ಅದಾದ್ಮೇಲೆ 2025 ಜೂನ್‌ನಲ್ಲಿ ಪ್ರೋ ಲೀಗ್ ಯುರೋಪ್ ಲೆಗ್. ಇಲ್ಲಿ ಮಳೆ ಹಿಡಿದು ಕರೆಂಟ್ ಹೋಗಿ ಬಂದು ಮಾಡ್ತಾ ಇತ್ತು, ಮೊಬೈಲ್ ಚಾರ್ಜ್ ಉಳಿಸಿಕೊಂಡು ಉಳಿಸಿಕೊಂಡು ನೋಡಿದ್ದು. ಸಾಲಾಗಿ ಏಳು ಸೋಲು. ನೆದರ್ಲೆಂಡ್ಸ್ ಮೇಲೆ 1-2, 2-3, ಅರ್ಜೆಂಟೀನಾ ಮೇಲೆ 3-4, 1-2, ಆಸ್ಟ್ರೇಲಿಯಾ ಮೇಲೆ ಎರಡು ಸಲ 2-3, ಆಮೇಲೆ ಬೆಲ್ಜಿಯಂ 3-6. ಕೊನೇ ಮ್ಯಾಚಲ್ಲಿ ಬೆಲ್ಜಿಯಂನ 4-3ಗೆ ಹೊಡೆದಿದ್ದಕ್ಕೆ ಮಾನ ಉಳೀತು, ಒಂಬತ್ತು ಟೀಮಲ್ಲಿ ಎಂಟನೇ ಜಾಗ. ಏಳರಲ್ಲಿ ಆರು ಸೋಲು ಒಂದೇ ಗೋಲಿಂದು ನೋಡಿ, ಅದೇ ಹೊಟ್ಟೆ ಉರಿಸೋದು. ಒಬ್ಬ ಫಾರ್ವರ್ಡ್ ಸೈಡಿಂದ ನುಗ್ಗಿ ಒಂದು ಗೋಲ್ ತಂದುಕೊಟ್ಟಿದ್ರೆ ಅರ್ಧ ಮ್ಯಾಚ್ ಬೇರೆ ಥರ ಇರ್ತಿತ್ತು.

ನಾನು ನೋಡಿದ್ದು ಹೇಳ್ತೀನಿ. ಹಾರ್ದಿಕ್ ಮಧ್ಯದಲ್ಲಿ ಬಾಲ್ ಕಿತ್ಕೊಂಡು ತಲೆ ಎತ್ತಿ ನೋಡ್ತಾನೆ, ಮುಂದೆ ಇರೋರು ಡಿಫೆಂಡರ್ ಬೆನ್ನ ಹಿಂದೆ ನಿಂತು ಕೈ ಚಾಚ್ತಾ ಇರ್ತಾರೆ, ಲೀಡ್ ಕೊಟ್ಟು ಜಾಗಕ್ಕೆ ಓಡಿ ಬರೋರು ಯಾರೂ ಇಲ್ಲ, ಅವನು ಏನು ಮಾಡ್ತಾನೆ ಪಾಪ, ವಾಪಸ್ ಹಿಂದೆ ಹರ್ಮನ್‌ಪ್ರೀತ್‌ಗೆ ಕೊಡ್ತಾನೆ, ಹರ್ಮನ್‌ಪ್ರೀತ್ ಉದ್ದಕ್ಕೆ ಒಂದು ಏರಿಯಲ್ ಎತ್ತುತ್ತಾನೆ, ಅಲ್ಲಿ ಅದನ್ನ ನಿಲ್ಲಿಸೋ ಟ್ರ್ಯಾಪ್ ತಪ್ಪಿ ಬಾಲ್ ಹೊರಗೆ. ಮತ್ತೆ ಮೊದಲಿಂದ.

ನಮ್ಮೂರಿನ ಸುನಿಲ್ ಆಡಿದ್ದನ್ನ ನೋಡಿ ಬೆಳೆದವ್ರಿಗೆ ಇದನ್ನ ತಡೆಯೋಕೆ ಆಗಲ್ಲ. ಹಾಫ್ ಲೈನ್ ಹತ್ರ ಬಲಗಡೆ ಬಾಲ್ ಸಿಕ್ರೆ ಸಾಕು, ಸೈಡ್ ಲೈನ್ ಹಿಡಿದು ಬೇಸ್ ಲೈನ್‌ವರೆಗೂ ಓಟ, ಡಿಫೆಂಡರ್ ತಿರುಗೋದ್ರೊಳಗೆ ಹಿಂದಕ್ಕೆ ಪಾಸ್. ಅಂಥವ್ರು ಈಗ ಯಾಕೆ ಇಲ್ಲ? ಹುಡುಗ್ರಲ್ಲಿ ಆಟ ಇಲ್ವಾ, ಕೋಚ್ ಪ್ಲಾನೇ ಹಾಗಾ, ಇಲ್ಲ ಆಯ್ಕೆ ಮಾಡೋದ್ರಲ್ಲಿ ಎಡವಟ್ಟಾ? 2026ರ ಆಗಸ್ಟ್‌ಗೆ ನೆದರ್ಲೆಂಡ್ಸ್, ಬೆಲ್ಜಿಯಂನಲ್ಲಿ ವರ್ಲ್ಡ್ ಕಪ್. ನಾವು ವರ್ಲ್ಡ್ ಕಪ್ ಗೆದ್ದಿದ್ದು 1975ರಲ್ಲಿ ಒಂದೇ ಸಲ, ಆ ಟೀಮಲ್ಲಿ ಫಾರ್ವರ್ಡ್ ಆಗಿ ಬಿ.ಪಿ. ಗೋವಿಂದ ಇದ್ರು, ಅವ್ರೂ ನಮ್ಮ ಸೋಮವಾರಪೇಟೆಯವ್ರೇ.

ನಾಪೋಕ್ಲು_ಕಾಫಿ

ಎಂತ ಮಾರಾಯ, ಲೆಕ್ಕ ಹಾಕುವಾಗ ಪೂರ್ತಿ ಹಾಕು. ಹರ್ಮನ್‌ಪ್ರೀತ್‌ನ ಆ ಹತ್ತರಲ್ಲಿ ಮೂರು ಪೆನಾಲ್ಟಿ ಸ್ಟ್ರೋಕ್, ಉಳಿದಿದ್ದು ಕಾರ್ನರ್. ಈ ಸ್ಟ್ರೋಕು ಕಾರ್ನರು ಆಕಾಶದಿಂದ ಬೀಳ್ತದಾ? ಯಾರಾದ್ರೂ ಬಾಲ್ ತಗೊಂಡು ಡಿ ಒಳಗೆ, ಅಂದ್ರೆ ಗೋಲ್ ಮುಂದಿನ ಅರ್ಧವೃತ್ತದೊಳಗೆ ನುಗ್ಬೇಕು, ಡಿಫೆಂಡರ್ ಕಾಲಿಗೆ ತಾಗಿಸ್ಬೇಕು, ಇಲ್ಲ ಅವನ ಕೈಯಲ್ಲಿ ಫೌಲ್ ಮಾಡಿಸ್ಬೇಕು. ಆ ಕೆಲಸ ಹೆಚ್ಚಿನ ಸಲ ಮಾಡಿದ್ದು ನೀನು ಬೈತಾ ಇರುವ ಹುಡುಗ್ರೇ. ಗೋಲ್ ಹೆಸರು ಬೇರೆಯವನಿಗೆ ಹೋಗ್ತದೆ ಅಷ್ಟೆ.

ಸುನಿಲ್ ಹೆಸರು ತೆಗೆದೆಯಲ್ಲ, ನನಗೂ ಅವನ ಆಟ ಅಂದ್ರೆ ಪ್ರಾಣ. ಆದ್ರೆ ಅವನದ್ದೂ 264 ಮ್ಯಾಚಿಗೆ 72 ಗೋಲ್, ಹೆಚ್ಚುಕಮ್ಮಿ ನಾಲ್ಕು ಮ್ಯಾಚಿಗೆ ಒಂದು. ಬರೀ ಗೋಲ್ ನೋಡಿ ವಿಂಗರ್‌ನ ಅಳೆದ್ರೆ ಅವನನ್ನೂ ಸಾಧಾರಣ ಅಂತ ಬರೆದುಬಿಡ್ಬೇಕಾಗ್ತದೆ, ಅದು ಅನ್ಯಾಯ ಅಲ್ವಾ. ಅವನು ಓಡಿ ಎಳ್ಕೊಂಡು ಹೋದ ಡಿಫೆಂಡರ್‌ಗಳಿಂದ ಮಧ್ಯದಲ್ಲಿ ಜಾಗ ಆಗ್ತಿತ್ತು, ಬೇರೆಯವ್ರು ಹೊಡೀತಿದ್ರು.

ಇನ್ನು 2025 ಸೆಪ್ಟೆಂಬರ್‌ದು ರಾಜ್‌ಗಿರ್ ಏಷ್ಯಾ ಕಪ್ ಫೈನಲ್ ಮರೆತುಬಿಟ್ಯಾ? ಕೊರಿಯಾ ಮೇಲೆ 4-1. ಮೊದಲನೇ ನಿಮಿಷದಲ್ಲೇ ಸುಖ್‌ಜೀತ್ ಹೊಡೆದ, ಆಮೇಲೆ ದಿಲ್‌ಪ್ರೀತ್ ಎರಡು, ಕೊನೆಗೆ ರೋಹಿದಾಸ್. ನಾಲ್ಕರಲ್ಲಿ ಮೂರು ಫಾರ್ವರ್ಡ್‌ಗಳದ್ದು, ವರ್ಲ್ಡ್ ಕಪ್ ಟಿಕೆಟ್ ಸಿಕ್ಕಿದ್ದೇ ಆ ಮ್ಯಾಚಲ್ಲಿ.

ಸೋಮವಾರಪೇಟೆ_ರೈಟ್‌ವಿಂಗ್

ಅಣ್ಣ, ಏಷ್ಯಾ ಕಪ್ ಮರೆತಿಲ್ಲ, ಕೂಗಾಡಿ ಗಂಟಲು ಹೋಗಿತ್ತು. ನಾನು ಕೇಳಿದ್ದು ದೊಡ್ಡ ಟೀಮ್ ಎದುರಿನ ಆಟದ ಬಗ್ಗೆ. ಕೊರಿಯಾ, ಮಲೇಷ್ಯಾ ಎದುರು ಜಾಗ ಸಿಗುತ್ತೆ, ನೆದರ್ಲೆಂಡ್ಸ್ ಎದುರು ಅದೇ ಹುಡುಗ್ರಿಗೆ ಸಿಗಲ್ಲ, ಯಾಕೆ? 2023ರಲ್ಲಿ ನಮ್ಮ ನೆಲದಲ್ಲೇ ವರ್ಲ್ಡ್ ಕಪ್, ಇಂಗ್ಲೆಂಡ್ ಮೇಲೆ 0-0, ಕ್ರಾಸ್‌ಓವರ್‌ನಲ್ಲಿ ನ್ಯೂಜಿಲೆಂಡ್ ಮೇಲೆ 3-1 ಮುಂದೆ ಇದ್ದು 3-3 ಆಗಿ ಶೂಟೌಟ್‌ನಲ್ಲಿ ಮನೆಗೆ ಬಂದ್ವಿ. ಮುಂದೆ ಬಾಲ್ ಹಿಡ್ಕೊಂಡು ನಿಲ್ಲೋರು ಇದ್ದಿದ್ರೆ ಆ ಎರಡು ಗೋಲ್ ವಾಪಸ್ ಬರ್ತಿರ್ಲಿಲ್ಲ. ಕಾರ್ನರ್ ತಂದುಕೊಡ್ತಾರೆ ಅನ್ನೋದು ಸರಿ, ಆದ್ರೆ ಡಿ ಒಳಗೆ ಹೋದವನು ಗೋಲ್ ಕಡೆ ನೋಡದೆ ಎದುರಿನವನ ಕಾಲನ್ನೇ ಹುಡುಕ್ತಾ ಇದ್ರೆ ಅದನ್ನ ಫಾರ್ವರ್ಡ್ ಆಟ ಅಂತ ನಾನಂತೂ ಕರೆಯಲ್ಲ.

ಪೊನ್ನಂಪೇಟೆ_ಕೋಚ್

ಇಬ್ರ ಮಾತಲ್ಲೂ ವಿಷಯ ಇದೆ, ನಾನು ಮಕ್ಕಳಿಗೆ ಕಲಿಸ್ತಾ ಇರೋನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲು ಕೋಚ್ ಪ್ಲಾನ್. ಕ್ರೇಗ್ ಫುಲ್ಟನ್ 2023ರಲ್ಲಿ ಬಂದಾಗಿಂದ ಹೇಳ್ತಾ ಇರೋದು ಒಂದೇ, ಮೊದಲು ಡಿಫೆನ್ಸ್ ಗಟ್ಟಿ ಮಾಡಿ ಆಮೇಲೆ ಗೆಲ್ಲೋದು. ಅದಕ್ಕೆ ಫಾರ್ವರ್ಡ್‌ಗಳೂ ಹಿಂದೆ ಬಂದು ಪ್ರೆಸ್ ಮಾಡ್ಬೇಕು, ಹಾಫ್ ಲೈನ್ ಹತ್ರ ಜಾಗ ಮುಚ್ಚಬೇಕು. ಗ್ರೌಂಡ್ ಉದ್ದ 91.4 ಮೀಟರ್. ಬಾಲ್ ಗೆದ್ದಾಗ ನಮ್ಮ ವಿಂಗರ್ ಹಾಫ್ ಲೈನ್ ಹಿಂದೆ ಇರ್ತಾನೆ, ಅಲ್ಲಿಂದ ಎದುರಿನ ಡಿ ತನಕ ಮೂವತ್ತು ಮೀಟರ್ ಮೇಲೆ ಪೂರ್ತಿ ಸ್ಪೀಡಲ್ಲಿ ಓಡ್ಬೇಕು, ಒಂದು ಕ್ವಾರ್ಟರಲ್ಲಿ ಎಷ್ಟು ಸಲ ಓಡ್ತಾನೆ ಹೇಳಿ. ಅದಕ್ಕೇ ಮೂರು ನಾಲ್ಕು ನಿಮಿಷಕ್ಕೆ ಒಬ್ಬರನ್ನ ಬದಲಾಯಿಸ್ತಾ ಇರ್ತಾರೆ. ಈ ಪ್ಲಾನಲ್ಲೇ ಪ್ಯಾರಿಸಲ್ಲಿ ಆಸ್ಟ್ರೇಲಿಯಾನ 3-2ಗೆ ಹೊಡೆದ್ವಿ, ಒಲಿಂಪಿಕ್ಸಲ್ಲಿ ಅವ್ರ ಮೇಲೆ 1972ರ ನಂತರ ಮೊದಲ ಗೆಲುವು. ಹಾಗಾಗಿ ಪ್ಲಾನೇ ತಪ್ಪು ಅಂತ ನಾನು ಹೇಳಲ್ಲ.

ನನ್ನ ಪ್ರಕಾರ ನಿಜವಾದ ತೊಂದರೆ ಮೊದಲನೇ ಟಚ್‌ದು. ನಮ್ಮ ಹುಡುಗ್ರು ಬಾಲ್ ನಿಲ್ಲಿಸಿ ಆಮೇಲೆ ತಿರುಗ್ತಾರೆ. ನೆದರ್ಲೆಂಡ್ಸ್, ಬೆಲ್ಜಿಯಂನವ್ರು ಬಾಲ್ ಬರೋ ಮೊದಲೇ ಭುಜ ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡಿಕೊಂಡಿರ್ತಾರೆ, ಓಡ್ತಾ ಓಡ್ತಾನೇ ಬಾಲ್‌ನ ಡಿಫೆಂಡರ್ ಇಲ್ಲದ ಕಡೆಗೆ ತಳ್ತಾರೆ. ಆ ಅರ್ಧ ಸೆಕೆಂಡ್ ಇದ್ಯಲ್ಲ, ಕೊರಿಯಾ ಎದುರು ಅದು ಕಾಣಲ್ಲ, ದೊಡ್ಡ ಟೀಮ್ ಎದುರು ಅಷ್ಟರಲ್ಲೇ ಎರಡನೇ ಡಿಫೆಂಡರ್ ಬಂದು ಮುಚ್ಚಿಬಿಡ್ತಾನೆ. ನಿಮ್ಮ ಪ್ರಶ್ನೆಗೆ ಉತ್ತರ ಅದೇ. ಇನ್ನೊಂದು, ಲೀಡ್. ಮೊದಲ ಓಟ ಬರೀ ಡಿಫೆಂಡರ್‌ನ ಎಳೆಯೋಕೆ, ಎರಡನೇ ಓಟ ಬಾಲ್‌ಗೆ. ನಮ್ಮವ್ರು ಒಂದು ಸಲ ಓಡಿ ಬಾಲ್ ಬರ್ಲಿಲ್ಲ ಅಂದ್ರೆ ನಿಂತುಬಿಡ್ತಾರೆ.

ಇದು ಸೀನಿಯರ್ ಟೀಮಿಗೆ ಹೋದ್ಮೇಲೆ ಕಲಿಯೋ ವಿಷಯ ಅಲ್ಲ. ಹನ್ನೆರಡು ಹದಿಮೂರು ವರ್ಷಕ್ಕೆ ಕೈಗೆ ಕಾಲಿಗೆ ಬಂದುಬಿಡ್ಬೇಕು. ಈಗ ಯಾವ ಮಗುವನ್ನ ಕೇಳಿ, ಡ್ರ್ಯಾಗ್‌ಫ್ಲಿಕ್ (ಪೆನಾಲ್ಟಿ ಕಾರ್ನರ್‌ನಲ್ಲಿ ಬಾಲ್ ಎಳೆದು ಎಸೆಯೋ ಹೊಡೆತ) ಕಲಿಸಿ ಸರ್ ಅಂತಾರೆ, ಟಿವಿಯಲ್ಲಿ ಅದೇ ಕಾಣೋದು. ಸೊಂಟ ಇನ್ನೂ ಗಟ್ಟಿಯಾಗದ ಮಕ್ಕಳು ದಿನಾ ಡ್ರ್ಯಾಗ್‌ಫ್ಲಿಕ್ ಹೊಡೆದು ಬೆನ್ನು ನೋವು ಮಾಡ್ಕೊಳ್ತಾರೆ. ಹತ್ತು ಜನ ಫ್ಲಿಕರ್ ಆಗೋಕೆ ಬರ್ತಾರೆ, ವಿಂಗರ್ ಆಗ್ತೀನಿ ಅಂತ ಒಬ್ಬನೂ ಬರಲ್ಲ.

ಗೋಣಿಕೊಪ್ಪ_ಟು_ಅಮೆರಿಕ

ಕೋಚ್ ಸರ್, ಓದಿ ತುಂಬ ಖುಷಿ ಆಯ್ತು. ನಾನು ಇಲ್ಲಿ ಅಮೆರಿಕದಲ್ಲಿ ಅವ್ರ ಫುಟ್‌ಬಾಲ್ ನೋಡ್ತೀನಿ, ಅದ್ರಲ್ಲಿ ವೈಡ್ ರಿಸೀವರ್ ಅಂತ ಇರ್ತಾರೆ, ಸೈಡಲ್ಲಿ ಓಡಿ ಬಾಲ್ ಹಿಡಿಯೋರು, ಕ್ವಾರ್ಟರ್‌ಬ್ಯಾಕ್ ಎಷ್ಟೋ ಸಲ ಅವ್ರು ತಿರುಗೋ ಮೊದಲೇ ಬಾಲ್ ಎಸೆದುಬಿಟ್ಟಿರ್ತಾನೆ, ಯಾವ ಜಾಗಕ್ಕೆ ಓಡ್ಬೇಕು ಅನ್ನೋದು ಮೊದಲೇ ಕಲಿತಿರ್ತಾರೆ. ರಿಸೀವರ್‌ಗಳು ಡಿಫೆಂಡರ್‌ನ ಬಿಡಿಸಿಕೊಂಡು ಬರದೇ ಇದ್ರೆ ಕ್ವಾರ್ಟರ್‌ಬ್ಯಾಕ್ ಬಾಲ್ ಹಿಡ್ಕೊಂಡೇ ಏಟು ತಿಂತಾನೆ, ಮಾರನೇ ದಿನ ಬೈಗುಳ ಎಲ್ಲ ಅವನಿಗೇ. ಹಾರ್ದಿಕ್ ವಿಷಯದಲ್ಲಿ ಆಗ್ತಿರೋದು ಅದೇ ಅನ್ಸುತ್ತೆ ನಂಗೆ. ಹಾಕಿಯಲ್ಲಿ ಆಫ್‌ಸೈಡ್ ತೆಗೆದು ಇಪ್ಪತ್ತೈದು ವರ್ಷದ ಮೇಲಾಯ್ತು, ಮುಂದೆ ಎಲ್ಲಿ ಬೇಕಾದ್ರೂ ನಿಲ್ಲಬಹುದು, ಅಷ್ಟು ಸ್ವಾತಂತ್ರ್ಯ ಇದ್ದೂ ಜಾಗ ಹುಡುಕಲ್ಲ ಅಂದ್ರೆ ಬೇಜಾರಾಗುತ್ತೆ.

ಮೂರ್ನಾಡು_ಅಕ್ಕ

ನೀವೆಲ್ಲ ಇಂಡಿಯಾ ಟೀಮ್ ಬಗ್ಗೆ ಹೇಳಿದ್ರಿ, ನಾನು ನಮ್ಮ ಜಿಲ್ಲೆ ಬಗ್ಗೆ ಕೇಳ್ತೀನಿ. 2016ರ ರಿಯೋ ಒಲಿಂಪಿಕ್ಸಲ್ಲಿ ಕೊಡಗಿನ ನಾಲ್ಕು ಜನ ಇದ್ರು, ಸುನಿಲ್, ರಘುನಾಥ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ, ಅದ್ರಲ್ಲಿ ಇಬ್ರು ಫಾರ್ವರ್ಡ್. ಟೋಕಿಯೋಗೆ ಒಬ್ರೂ ಇಲ್ಲ. ಪ್ಯಾರಿಸ್‌ಗೂ ಒಬ್ರೂ ಇಲ್ಲ. ಎರಡು ಮೆಡಲ್ ಬಂತು, ಎರಡರಲ್ಲೂ ನಮ್ಮವ್ರ ಕೈ ಇಲ್ಲ. ನನಗೆ ಅದು ಇನ್ನೂ ನುಂಗೋಕೆ ಆಗಿಲ್ಲ.

ಆದ್ರೆ ನಮ್ಮಲ್ಲಿ ಹಾಕಿ ಕಮ್ಮಿ ಆಗಿದ್ಯಾ? ಇಲ್ಲ. ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬನೇ ನೋಡಿ, 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವ್ರು ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬ, 2024ರ ಕುಂಡ್ಯೋಳಂಡ ಕಪ್‌ಗೆ 360 ಟೀಮ್, ಗಿನ್ನೆಸ್‌ನಲ್ಲಿ ಬಂತು, ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ಗೆ 396. ಅಜ್ಜನೂ ಮೊಮ್ಮಗಳೂ ಒಂದೇ ಟೀಮಲ್ಲಿ ಆಡೋದು ಬೇರೆ ಎಲ್ಲಿದೆ ಹೇಳಿ. ನಾನೂ ಆಡ್ತೀನಿ, ನನ್ನ ಮಗಳೂ ಆಡ್ತಾಳೆ. ಅದು ನಮ್ಮ ಹಬ್ಬ, ಅದ್ರ ಬಗ್ಗೆ ಒಂದು ಕೆಟ್ಟ ಮಾತೂ ನಾನು ಕೇಳೋಳಲ್ಲ.

ಆದ್ರೆ ಅಲ್ಲಿ ಆಡೋದು ಮಣ್ಣು, ಹುಲ್ಲಿನ ಗ್ರೌಂಡಲ್ಲಿ. ಬಾಲ್ ಪುಟಿಯುತ್ತೆ, ನಿಧಾನ ಆಗುತ್ತೆ, ಜೋರಾಗಿ ಹೊಡೆದು ಹಿಂದೆ ಓಡೋದೇ ಆಟ. ಕೋಚ್ ಸರ್ ಹೇಳಿದ ಓಡ್ತಾ ಓಡ್ತಾ ಮೊದಲನೇ ಟಚ್ ಅಲ್ಲಿ ಕಲಿಯೋಕೆ ಆಗಲ್ಲ. ಕೃತಕ ಹುಲ್ಲಿನ ಟರ್ಫ್ ಇರೋದು ಬೆರಳೆಣಿಕೆ ಜಾಗದಲ್ಲಿ, ಹಾಸ್ಟೆಲ್ ಸೀಟ್ ಸಿಕ್ಕಿದ ಮಕ್ಕಳಿಗೆ ಸರಿ, ಮೂರ್ನಾಡಿಂದ, ಭಾಗಮಂಡಲ ಕಡೆಯಿಂದ ದಿನಾ ಹೋಗಿ ಬರೋಕೆ ಬಸ್ಸೇ ಇಲ್ಲ. ಮಗಳನ್ನ ಒಂದು ಕಡೆ ಸೇರಿಸೋಕೆ ಹೋದಾಗ ಟರ್ಫ್ ಹರಿದು ನೀರು ನಿಂತಿತ್ತು, ರಿಪೇರಿ ಯಾವಾಗ ಅಂದ್ರೆ ಯಾರ ಹತ್ರನೂ ಉತ್ತರ ಇಲ್ಲ. ಕಾಲಲ್ಲಿ ಸ್ಪೀಡ್ ಇರೋ ಮಕ್ಕಳು ನಮ್ಮ ಪ್ರತಿ ಊರಲ್ಲೂ ಇದ್ದಾರೆ, ಹತ್ತನೇ ಕ್ಲಾಸ್ ಆದ್ಮೇಲೆ ಸ್ಟಿಕ್ ಮೂಲೆಗೆ ಇಟ್ಟು ಬೆಂಗಳೂರಿಗೆ ಹೋಗ್ತಾರೆ. ವಿಂಗರ್ ಎಲ್ಲಿಂದ ಬರ್ಬೇಕು?

ನಾಪೋಕ್ಲು_ಕಾಫಿ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಹಬ್ಬದಲ್ಲಿ ನಮ್ಮ ಕಡೆಯ ಒಬ್ಬ ಹುಡುಗ, ಇನ್ನೂ ಮೀಸೆ ಬಂದಿಲ್ಲ, ಲೆಫ್ಟಲ್ಲಿ ಹೋಗುವಾಗ ಎದುರಿನವ್ರು ಮೂರು ಜನ ಬಿದ್ರೂ ಹಿಡಿಯೋಕೆ ಆಗ್ಲಿಲ್ಲ. ಕೇಳಿದ್ರೆ ಟರ್ಫ್ ಮೇಲೆ ಕಾಲೇ ಇಟ್ಟಿಲ್ಲ ಅಂತಾನೆ. ಸೆಲೆಕ್ಷನ್ ಆಗೋದು ಟರ್ಫ್ ಮೇಲೆ, ಅಲ್ಲಿ ಹೋಗಿ ನಿಂತ್ರೆ ಬಾಲ್ ಬರುವ ವೇಗಕ್ಕೇ ಅವನಿಗೆ ಗಾಬರಿ ಆಗ್ತದೆ, ಎರಡು ಟ್ರ್ಯಾಪ್ ತಪ್ಪಿದ ಕೂಡ್ಲೇ ಹೆಸರು ಹೊಡೆದುಹಾಕ್ತಾರೆ.

ಸೋಮವಾರಪೇಟೆ_ರೈಟ್‌ವಿಂಗ್

ಕೋಚ್ ಸರ್, ಅರ್ಧ ಸೆಕೆಂಡ್ ಬಗ್ಗೆ ಹೇಳಿದ್ದು ಓದಿ ಆಸ್ಟ್ರೇಲಿಯಾ ಮ್ಯಾಚ್ ಮತ್ತೆ ಹಾಕ್ಕೊಂಡು ಬಾಲ್ ಬಿಟ್ಟು ಬರೀ ನಮ್ಮ ಫಾರ್ವರ್ಡ್‌ಗಳ ಭುಜ ನೋಡ್ತಾ ಕೂತೆ. ಅಭಿಷೇಕ್ ಒಬ್ಬ ತಿರುಗಿ ನೋಡ್ತಾನೆ, ಅದಕ್ಕೇ ಅವನಿಗೆ ಶಾಟ್ ಹೊಡೆಯೋಕೆ ಟೈಮ್ ಸಿಗುತ್ತೆ. ಬೇರೆಯವ್ರು ಬಾಲ್ ಮೇಲೇ ಕಣ್ಣು. ವರ್ಲ್ಡ್ ಕಪ್‌ಗೆ ಮುಂಚೆ ಇದನ್ನ ಸರಿ ಮಾಡೋಕೆ ಆಗುತ್ತಾ?

ಇನ್ನೊಂದು ಕೇಳ್ಬೇಕಿತ್ತು. ನನ್ನ ಅಕ್ಕನ ಮಗ, ಹನ್ನೊಂದು ವರ್ಷ, ಚೆನ್ನಾಗಿ ಓಡ್ತಾನೆ, ರೈಟ್‌ನಲ್ಲೇ ಆಡ್ತೀನಿ ಅಂತಾನೆ, ಫ್ಲಿಕ್ ಹುಚ್ಚು ಇಲ್ಲ. ರಜೆಯಲ್ಲಿ ನಿಮ್ಮ ಹತ್ರ ಕಳಿಸ್ಬಹುದಾ?

ಪೊನ್ನಂಪೇಟೆ_ಕೋಚ್

ಸೀನಿಯರ್ ಹುಡುಗ್ರಿಗೆ ಕೆಲವೇ ತಿಂಗಳಲ್ಲಿ ಪೂರ್ತಿ ಬದಲಾಗಲ್ಲ, ಲೀಡ್ ಕೊಡೋದು ಮಾತ್ರ ಸರಿ ಮಾಡ್ಬಹುದು, ಅದು ಅಭ್ಯಾಸಕ್ಕಿಂತ ಹಠದ ವಿಷಯ. ಎರಡನೇ ಓಟ ಓಡದವನನ್ನ ಎಷ್ಟೇ ದೊಡ್ಡ ಹೆಸರಾದ್ರೂ ಬೆಂಚಿಗೆ ಕೂರಿಸ್ಬೇಕು, ನಾನಾಗಿದ್ರೆ ಹಾಗೇ ಮಾಡ್ತಿದ್ದೆ.

ಹುಡುಗನ್ನ ಖಂಡಿತ ಕಳಿಸಿ. ಬೆಳಗ್ಗೆ ಆರೂವರೆಗೆ ಟರ್ಫ್ ಹತ್ರ ಇರ್ಬೇಕು, ಉಳ್ಕೊಳ್ಳೋಕೆ ನೆಂಟರ ಮನೆ ಇಲ್ಲ ಅಂದ್ರೆ ಮೊದಲೇ ಹೇಳಿ, ವ್ಯವಸ್ಥೆ ಮಾಡೋಣ. ಹುಲ್ಲಿನ ಗ್ರೌಂಡ್ ಸ್ಟಡ್ ಶೂ ತರಬೇಡಿ, ಟರ್ಫ್ ಶೂ ಬೇಕು, ಹಲ್ಲಿಗೆ ಮೌತ್‌ಗಾರ್ಡ್, ಕಾಲಿಗೆ ಶಿನ್‌ಗಾರ್ಡ್ ಕಡ್ಡಾಯ. ಸ್ಟಿಕ್ ಅವನ ಸೊಂಟಕ್ಕಿಂತ ಉದ್ದ ಇದ್ರೆ ಬೇಡ, ಇಲ್ಲಿ ಕೊಡ್ತೀನಿ. ಮೂರ್ನಾಡು ಅಕ್ಕ, ನಿಮ್ಮ ಮಗಳನ್ನೂ ಕರ್ಕೊಂಡು ಬನ್ನಿ.