ತೋಟದ ಲೆಕ್ಕದ ಹಳೇ ಕಂಪ್ಯೂಟರ್: ವಿಂಡೋಸ್ 10 ಇಟ್ಕೊಳ್ಳೋದಾ, ಬಿಡೋದಾ?

ಕೇಳಿದವರು, ಸಿದ್ದಾಪುರ ಕಡೆಯಿಂದ:

ನಮ್ಮದು ಸಣ್ಣ ತೋಟ, ಜೊತೆಗೆ ಎರಡು ರೂಮಿನ ಹೋಂಸ್ಟೇ. 2017ರ ಶುರುವಿನಲ್ಲಿ ತಗೊಂಡ ಡೆಸ್ಕ್‌ಟಾಪ್‌ನಲ್ಲಿ ಅವತ್ತಿಂದ ಇವತ್ತಿನ ತನಕದ ಹಾಜರಿ, ಅಡ್ವಾನ್ಸ್, ಕುಯ್ಲಿನ ತೂಕ ಎಲ್ಲ ಎಕ್ಸೆಲ್‌ನಲ್ಲಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿದೆ ಅಂತ ಗೊತ್ತಾಯ್ತು. ಪೇಟೆಯ ಅಂಗಡಿಯವರು ‘ಇದಕ್ಕೆ 11 ಹಾಕೋಕೆ ಆಗಲ್ಲ, ಗುಜರಿಗೆ ಕೊಟ್ಟು ಹೊಸದು ತಗೊಳ್ಳಿ’ ಅಂದ್ರು. ಮಿಷನ್ ಚೆನ್ನಾಗೇ ಓಡ್ತಿದೆ. ಈಗ ಕುಯ್ಲಿನ ಸಮಯ, ಬಂದ ದುಡ್ಡೆಲ್ಲ ಕೂಲಿಗೇ ಹೋಗ್ತಿದೆ. ಅನುಭವ ಇರೋರು ಹೇಳಿ.

ಮಡಿಕೇರಿಯಿಂದ:

ಅಣ್ಣ, ಗಾಬರಿ ಬೇಡ. ಹಾಗಂತ ಸುಮ್ಮನೆ ಕೂರೋದೂ ಬೇಡ. 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿದಿದ್ದು ನಿಜ. ಕಂಪ್ಯೂಟರ್ ನಿಂತು ಹೋಗಲ್ಲ, ಆದರೆ ಹೊಸದಾಗಿ ಸಿಕ್ಕಿಬೀಳೋ ದೋಷಗಳಿಗೆ ರಿಪೇರಿ ಬರಲ್ಲ. ಬ್ಯಾಂಕ್ ಕೆಲಸ ಅದರಲ್ಲೇ ಮಾಡ್ತೀರಾ? ಗೆಸ್ಟ್‌ಗಳ ಆಧಾರ್ ಪ್ರತಿ ಅದರಲ್ಲೇ ಇದೆಯಾ? ಹಾಗಿದ್ರೆ ಈ ವಾರವೇ ಏನಾದ್ರೂ ಮಾಡಿ.

ಆದರೆ ನೋಂದಾಯಿಸಿಕೊಂಡವರಿಗೆ ಕಂಪನಿಯೇ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತಿದೆ. ಇದನ್ನ ಅಂಗಡಿಯವರು ನಿಮಗೆ ಹೇಳಿಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋದ್ರೆ ‘ಎನ್‌ರೋಲ್ ನೌ’ ಅಂತ ಕಾಣತ್ತೆ. ಕಾಣದಿದ್ರೆ ಮೊದಲು ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇದೆಯಾ ನೋಡಿ. 30 ಡಾಲರ್ ಕಟ್ಟಬಹುದು, ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1,000 ಪಾಯಿಂಟ್ ಕೊಡಬಹುದು, ಇಲ್ಲಾ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ಪುಕ್ಕಟೆ. ಮನೆಯ ಎರಡೂ ಕಂಪ್ಯೂಟರ್‌ಗೆ ನಾನು ಪುಕ್ಕಟೆ ದಾರಿಯಲ್ಲೇ ಮಾಡ್ಕೊಂಡೆ. ಹತ್ತು ನಿಮಿಷವೂ ಹಿಡೀಲಿಲ್ಲ.

ಒಂದು ಎಚ್ಚರ. ಆ ಬ್ಯಾಕಪ್ ಹೋಗೋದು ಮೈಕ್ರೋಸಾಫ್ಟ್‌ನ ಆನ್‌ಲೈನ್ ಜಾಗ ಒನ್‌ಡ್ರೈವ್‌ಗೆ. ಒನ್‌ಡ್ರೈವ್‌ನಲ್ಲಿ ಪುಕ್ಕಟೆ ಸಿಗೋದು 5 ಜಿಬಿ ಮಾತ್ರ. ಬ್ಯಾಕಪ್ ಪಟ್ಟಿಯಲ್ಲಿ ಫೋಟೋ ಫೋಲ್ಡರ್ ಆನ್ ಇದ್ರೆ ಹೋಂಸ್ಟೇ ಫೋಟೋಗಳಿಗೇ ಅದು ತುಂಬಿಹೋಗತ್ತೆ, ಆಮೇಲೆ ಜಾಗ ಕೊಂಡ್ಕೊಳ್ಳಿ ಅಂತ ಕೇಳತ್ತೆ. ಫೋಲ್ಡರ್‌ಗಳನ್ನ ಆಫ್ ಮಾಡಿ, ಸೆಟ್ಟಿಂಗ್ಸ್ ಮಾತ್ರ ಬಿಡಿ.

ಎಲ್ಲಕ್ಕಿಂತ ಮೊದಲು ಎಕ್ಸೆಲ್ ಫೈಲ್‌ಗಳನ್ನ ಎರಡು ಕಡೆ ಕಾಪಿ ಮಾಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಾವು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟವರು. ಅಮ್ಮ ಔಷಧಿ ಡಬ್ಬಿಗೆ ಹಾಕಿಟ್ಟಿದ್ದ ಪೆನ್‌ಡ್ರೈವ್ ಒಂದೇ ಉಳಿದದ್ದು. ತೋಟದ ಕಾಗದಪತ್ರಗಳ ಸ್ಕ್ಯಾನ್ ಅದರಲ್ಲಿತ್ತು. ಇವತ್ತಿಗೂ ಆ ಡಬ್ಬಿ ನೋಡಿದ್ರೆ ಕಣ್ಣು ತುಂಬತ್ತೆ.

ಸೋಮವಾರಪೇಟೆಯಿಂದ:

ನನಗೆ ಕೋಪ ಬರೋದು ಒಂದೇ ವಿಷಯಕ್ಕೆ. ವಿಂಡೋಸ್ 11 ಕೇಳೋದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಹಳೇ ಕಂಪ್ಯೂಟರ್‌ಗಳಲ್ಲೂ ಅದು ಇದ್ದೇ ಇದೆ. ಬಾಗಿಲು ಹಾಕೋದು ಟಿಪಿಎಂ 2.0 (ಸುರಕ್ಷತೆಯ ಕೀಲಿಗಳನ್ನ ಕಾಯೋ ಚಿಪ್) ಮತ್ತು ಪ್ರೊಸೆಸರ್ ಪಟ್ಟಿ. ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಮುಂದಿನವು ಮಾತ್ರ. ಸುರಕ್ಷತೆಗೆ ಅಂತಾರೆ, ಒಪ್ಪೋಣ. ಆದರೆ ಕೆಟ್ಟಿಲ್ಲದ ವಸ್ತುವನ್ನ ಗುಜರಿ ಮಾಡೋದು ಸರಿ ಅಂತ ನನ್ನ ಮನಸ್ಸು ಒಪ್ಪಲ್ಲ.

ಕೆಲವು ಮಿಷನ್‌ನಲ್ಲಿ ಟಿಪಿಎಂ ಇದ್ರೂ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ಸ್) ಆಫ್ ಆಗಿರತ್ತೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ. ಹೊಸದು ಕೊಳ್ಳೋ ಮುಂಚೆ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಆ್ಯಪ್ ಹಾಕಿ, 11 ಕೂರತ್ತಾ ನೋಡಿ. ನನ್ನ ತಮ್ಮನ ಲ್ಯಾಪ್‌ಟಾಪ್‌ಗೂ ‘ಆಗಲ್ಲ’ ಅಂತಲೇ ಹೇಳಿದ್ರು. ಪಿಟಿಟಿ ಆನ್ ಮಾಡಿದ್ಮೇಲೆ 11 ಆರಾಮಾಗಿ ಕೂತ್ಕೊಳ್ತು.

ಗೋಣಿಕೊಪ್ಪದಿಂದ:

ಮೇಲಿನವರ ಕೋಪ ಅರ್ಥ ಆಗತ್ತೆ. ಆದರೂ 2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಹತ್ತು ವರ್ಷ ಅಪ್‌ಡೇಟ್ ಕೊಟ್ಟಿದ್ದಾರೆ. ಎಷ್ಟೋ ಫೋನ್‌ಗಳಿಗೆ ಅದರ ಅರ್ಧವೂ ಸಿಗಲ್ಲ. ನಾನು ಲೆಕ್ಕಪತ್ರದ ಕೆಲಸ ಮಾಡೋನು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಬೇಕು ಅಂದ್ರೆ ವಿಂಡೋಸ್ ಬೇಕೇ ಬೇಕು, ಹಾಗಾಗಿ ಯಾರಾದ್ರೂ ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಹಾಕಿ ಅಂದ್ರೆ ಮೊದಲು ಇದನ್ನ ಯೋಚನೆ ಮಾಡಿ. ಆಫೀಸ್ 2016, 2019 ಎರಡಕ್ಕೂ ವಿಂಡೋಸ್ 10ರ ದಿನವೇ ಸಪೋರ್ಟ್ ಮುಗಿದಿದೆ, ನಿಮ್ಮ ಎಕ್ಸೆಲ್ ಯಾವುದು ಅಂತಲೂ ನೋಡ್ಕೊಳ್ಳಿ.

ಕುಶಾಲನಗರದಿಂದ:

ಲಿನಕ್ಸ್ ಹಾಕಿದೋಳು ನಾನೇ! ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿ, ಲಿನಕ್ಸ್‌ನ ಒಂದು ಬಗೆ ಲಿನಕ್ಸ್ ಮಿಂಟ್ ಕೂರಿಸಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಟೀ ಕುಡಿದು ಮುಗಿಸೋವರೆಗೂ ಕಾಯಬೇಕಿತ್ತು, ಈಗ ಕೂತ ಕೂಡಲೇ ಕೆಲಸ. ಎಕ್ಸೆಲ್ ಫೈಲ್ ಪುಕ್ಕಟೆ ಸಿಗೋ ಲಿಬ್ರೆ ಆಫೀಸ್‌ನಲ್ಲಿ ತೆರೆಯತ್ತೆ. ಹಾಳೆಯೊಳಗೆ ಮ್ಯಾಕ್ರೋ (ತಾನಾಗೇ ಕೆಲಸ ಮಾಡೋ ಸಣ್ಣ ಪ್ರೋಗ್ರಾಂ) ಇದ್ರೆ ಮಾತ್ರ ತೊಂದರೆ.

ನಾನು ಕಷ್ಟಪಟ್ಟಿದ್ದು ಕನ್ನಡಕ್ಕೆ. ನಮ್ಮ ಸ್ತ್ರೀಶಕ್ತಿ ಸಂಘದ ನಡಾವಳಿ ಎಲ್ಲ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಲಿನಕ್ಸ್‌ನಲ್ಲಿ ತೆರೆದ್ರೆ ‘ಕೊಡಗು’ ಅಂತ ಇದ್ದ ಕಡೆ ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಹದಿನಾಲ್ಕು ಪುಟ ಹಾಗೇ ಇತ್ತು, ಎದೆ ಧಸಕ್ ಅಂತು. ಫೈಲ್ ಹಾಳಾಗಿರಲಿಲ್ಲ, ಆ ಫಾಂಟ್ ಇಲ್ಲಿರಲಿಲ್ಲ ಅಷ್ಟೆ. ಅಕ್ಕನ ಮನೆಯ ವಿಂಡೋಸ್‌ನಲ್ಲಿ ನುಡಿಯ ಪರಿವರ್ತಕದಿಂದ ಎಲ್ಲ ಯೂನಿಕೋಡ್‌ಗೆ, ಅಂದ್ರೆ ಆ ಫಾಂಟ್ ಇಲ್ಲದೆಯೂ ಓದೋಕಾಗೋ ಕನ್ನಡಕ್ಕೆ, ತಿರುಗಿಸಿಕೊಂಡು ಬಂದೆ. ನೀವೇನಾದ್ರೂ ಬದಲಾಯಿಸೋದಾದ್ರೆ ವಿಂಡೋಸ್ ಇರುವಾಗಲೇ ಈ ಕೆಲಸ ಮುಗಿಸಿ ಅಣ್ಣ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೋಡಿದೆ. ಟಿಪಿಎಂ ಇದೆ, ಆದರೆ ಪ್ರೊಸೆಸರ್ ಏಳನೇ ತಲೆಮಾರಿನದು, 11 ಬರಲ್ಲ. ಅಷ್ಟರ ಮಟ್ಟಿಗೆ ಅಂಗಡಿಯವರು ಹೇಳಿದ್ದು ಸರಿಯೇ. ಗುಜರಿಗೆ ಮಾತ್ರ ಕೊಡಲ್ಲ. ಮಗಳನ್ನ ಕೂರಿಸ್ಕೊಂಡು ಎನ್‌ರೋಲ್ ಮಾಡಿಸಿದೆ, ಅಕ್ಟೋಬರ್‌ವರೆಗೆ ಇದೇ ಓಡ್ಲಿ. ಎರಡು ಪೆನ್‌ಡ್ರೈವ್‌ಗೆ ಕಾಪಿ ಆಯ್ತು, ಒಂದನ್ನ ಮಾವನ ಮನೆಗೆ ಕಳಿಸಿದೆ.

ಕುಶಾಲನಗರದ ತಂಗಿ, ನೀವು ಹೇಳಿದ ಮೇಲೆ ಹಳೇ ಹಾಳೆ ತೆರೆದು ನೋಡಿದೆ. ಮೊದಲ ಮೂರು ವರ್ಷದ ಹಾಜರಿಯಲ್ಲಿ ಕೆಲಸದವರ ಹೆಸರೆಲ್ಲ ನುಡಿಯಲ್ಲೇ ಇದೆ. ಭಾನುವಾರ ಕುಯ್ಲಿಗೆ ರಜೆ, ಅವತ್ತು ಕೂತು ತಿರುಗಿಸ್ತೀನಿ. ಪರಿವರ್ತಕ ಅಂಕಿಗಳ ಕಾಲಮ್‌ಗೆ ಏನೂ ಮಾಡಲ್ಲ ತಾನೆ?