ಮಳೆ ಬಂದ ಮಾರನೇ ಬೆಳಿಗ್ಗೆ ಹೊಂಡದಲ್ಲಿ ಮೀನು ಸತ್ತಿವೆ, ಯಾಕೆ?

ಪ್ರಶ್ನೆ (ಹಿರಿಯೂರು ಕಡೆಯ ರೈತ):
ನಮ್ಮ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. 10 ಅಡಿ ಆಳ, ನೀರು ಕಡು ಹಸಿರು. ವಾರದಿಂದ ಬಿಸಿಲು ಸುಡುತ್ತಿತ್ತು. ನಿನ್ನೆ ಸಂಜೆ ಗುಡುಗು ಸಮೇತ ಜೋರು ಮಳೆ. ಬೆಳಿಗ್ಗೆ ನೋಡಿದರೆ ದೊಡ್ಡ ಕಾಟ್ಲಾಗಳೇ ಸತ್ತು ತೇಲುತ್ತಿವೆ, ಉಳಿದವು ಮೇಲೆ ಬಂದು ಬಾಯಿ ಆಡಿಸುತ್ತಿವೆ. ಸಿಡಿಲು ಬಡಿದಿದೆ ಅಂತಾರೆ ಪಕ್ಕದ ತೋಟದವರು. ಯಾರೋ ವಿಷ ಹಾಕಿದ್ದಾರೆ ಅಂತ ಮನೆಯವರ ಅನುಮಾನ.

ಉತ್ತರ (ಮೀನು ಸಾಕುವವನು, ಶಿವಮೊಗ್ಗ):
ಅಣ್ಣಾ, ಮೊದಲು ಮೋಟರ್ ಹಾಕಿ, ನೀರನ್ನು ಎತ್ತರದಿಂದ ಹೊಂಡಕ್ಕೆ ಬೀಳಿಸಿ. ಆಮೇಲೆ ಇದನ್ನು ಓದಿ.

ವಿಷ ಆಗಿದ್ದರೆ ಸಣ್ಣ ಮೀನುಗಳೇ ಮೊದಲು ಹೋಗೋದು ಜಾಸ್ತಿ. ದೊಡ್ಡವು ಮೊದಲು, ಅದೂ ಬೆಳಗಿನ ಜಾವ ಸತ್ತಿವೆ ಅಂದರೆ ಆಮ್ಲಜನಕ ಸಾಲದೆ ಸತ್ತಿವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗೋದು ಕಡಿಮೆ. 20 ಡಿಗ್ರಿಯಲ್ಲಿ ಗಾಳಿಯಿಂದ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗುತ್ತದೆ, 30 ಡಿಗ್ರಿಯಲ್ಲಿ ಏಳೂವರೆ. ಈ ಮೀನುಗಳಿಗೆ 5 ಇದ್ದರೆ ಆರಾಮ, 3ಕ್ಕಿಂತ ಇಳಿದರೆ ಒದ್ದಾಟ. ಆ ಹಸಿರು ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡಿ ಖಾಲಿ ಮಾಡುತ್ತದೆ.

ಮಳೆಗೂ ಇದಕ್ಕೂ ಸಂಬಂಧ ಇದೆ. ಬಿಸಿ ನೀರು ಹಗುರ, ಮೇಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಹೊಂಡಕ್ಕೆ ಇಳಿದರೆ ಎದೆ ಹತ್ತಿರ ಬೆಚ್ಚಗೆ, ಕಾಲಿಗೆ ತಣ್ಣಗೆ, ಅಲ್ವಾ? ಆ ತಳದ ನೀರಲ್ಲಿ ಸಗಣಿ, ಉಳಿದ ಮೇವು ಕೊಳೆತು ಆಮ್ಲಜನಕ ಮುಗಿದಿರುತ್ತದೆ. ಮಳೆಗೆ ಮೇಲಿನ ನೀರು ತಣ್ಣಗಾಗಿ, ಭಾರವಾಗಿ ಕೆಳಗಿಳಿಯಿತು. ತಳದ್ದು ಮೇಲೆ ಬಂದು ಎಲ್ಲ ಕಲಸಿಹೋಯಿತು. ಕೊಳೆತ ಮೊಟ್ಟೆಯ ವಾಸನೆ ಬಂತಾ?

ಪ್ರಶ್ನೆ ಕೇಳಿದವರು:
ಹೌದು, ವಾಸನೆ ಇತ್ತು. ನೀರೂ ಕಂದು ಬಣ್ಣಕ್ಕೆ ತಿರುಗಿದೆ. ಮೋಟರ್ ನೀರು ಬೀಳುವ ಜಾಗಕ್ಕೇ ಮೀನುಗಳು ಗುಂಪಾಗಿ ಬಂದಿವೆ!

ಇನ್ನೊಬ್ಬರು (ಹೈಸ್ಕೂಲ್ ಮೇಷ್ಟ್ರು):
ತಣ್ಣಗಾದ ನೀರು ಭಾರ ಆಗೋದು 4 ಡಿಗ್ರಿವರೆಗೆ ಮಾತ್ರ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರ. ಅದಕ್ಕೇ ಶ್ರೀನಗರದ ದಾಲ್ ಸರೋವರ ಚಳಿಗೆ ಮೇಲಿನಿಂದ ಹೆಪ್ಪುಗಟ್ಟುತ್ತದೆ, ಕೆಳಗೆ ಮೀನು ಬದುಕಿರುತ್ತವೆ. ಮುಂದಿನ ವಾರ ಮಕ್ಕಳಿಗೆ ನಿಮ್ಮ ಹೊಂಡದ ವಿಷಯವನ್ನೇ ಹೇಳ್ತೀನಿ.

ಉತ್ತರ (ಶಿವಮೊಗ್ಗದವನೇ):
ಅಣ್ಣಾ, ಸತ್ತ ಮೀನು ಇವತ್ತೇ ತೆಗೆದುಬಿಡಿ. ಕೊಳೆತರೆ ಉಳಿದ ಆಮ್ಲಜನಕವೂ ಹೋಗುತ್ತದೆ. ಮೀನು ಬಾಯಿ ಆಡಿಸೋದು ನಿಲ್ಲೋ ತನಕ ಸಗಣಿ, ಹಿಂಡಿ, ತೌಡು ಏನೂ ಬೇಡ. ಹೊಂಡದ ನೀರನ್ನೇ ಎತ್ತಿ ಬಿಡುವುದಾದರೆ ಫುಟ್‌ವಾಲ್ವ್ (ನೀರು ಹೀರುವ ಪೈಪಿನ ತುದಿಯ ಕವಾಟ) ಕೆಸರಿಗೆ ತಾಗದ ಹಾಗೆ ಮೇಲೆ ಕಟ್ಟಿ. ರಾತ್ರಿ 2ರಿಂದ ಬೆಳಕು ಹರಿಯೋವರೆಗೆ ಮೋಟರ್ ಓಡಲಿ. ತ್ರೀಫೇಸ್ ಇಲ್ಲದಿದ್ದರೆ ಸಿಂಗಲ್ ಫೇಸಿನ ಸಣ್ಣ ಮೋಟರ್ ಆದರೂ ಆದೀತು.